ಬಾಣಕ್ಕೆ ಗರಿ ಅಂಟಿಸುವುದು: ಟೇಪ್, ಅಂಟು ಮತ್ತು ಆ ಮುಂದಿನ ತುದಿ

ಬಾಣದ ಗರಿ ಕಿತ್ತು ಬರುವುದು ಹೆಚ್ಚಾಗಿ ಮುಂದಿನ ತುದಿಯಿಂದ. ಬಾಣ ಬಿಲ್ಲನ್ನು ಉಜ್ಜಿಕೊಂಡು ಹೋಗುವಾಗ ಮೊದಲು ತಾಗುವುದು ಆ ತುದಿ. ಬಾಣ ಗುರಿಯೊಳಗೆ ಆಳಕ್ಕೆ ನುಗ್ಗಿದರೆ ಮೊದಲು ಸಿಕ್ಕಿಹಾಕಿಕೊಳ್ಳುವುದೂ ಅದೇ. ಒಮ್ಮೆ ಅಲ್ಲಿ ಕೂದಲೆಳೆಯಷ್ಟು ಎದ್ದರೆ ಸಾಕು, ಉಳಿದ ಗರಿ ಸರಸರ ಸುಲಿದು ಬರುತ್ತದೆ. ಹಾಗಾಗಿ ಟೇಪ್ ಒಳ್ಳೆಯದಾ, ಅಂಟು ಒಳ್ಳೆಯದಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ತುದಿಯ ಮಾತೇ ಎತ್ತುತ್ತೇನೆ. ಎರಡರಲ್ಲೂ ಗರಿ ಚೆನ್ನಾಗಿ ಕೂರುತ್ತದೆ. ಮುಂದಿನ ತುದಿಯನ್ನು ಸರಿಯಾಗಿ ಮುಗಿಸದಿದ್ದರೆ ಎರಡರಲ್ಲೂ ಬೀಳುತ್ತದೆ.

ನಾನು ಬಾಣವನ್ನು ನೇರವಾಗಿ ಬಿಲ್ಲಿನ ಮೇಲೆಯೇ ಇಟ್ಟು ಬಿಡುವವನು. ಹೀಗೆ ಬಿಡುವಾಗ ಪ್ಲಾಸ್ಟಿಕ್ ಗರಿ ಬಿಲ್ಲಿಗೆ ತಾಗಿ ಬಾಣದ ಬಾಲವನ್ನು ಪಕ್ಕಕ್ಕೆ ತಳ್ಳುತ್ತದೆ. ಹಕ್ಕಿಯ ಗರಿಯಾದರೆ ತಾಗಿದ ಕಡೆ ಬಾಗಿ ದಾರಿ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಗರಿ ಹೆಚ್ಚಾಗಿ ಟರ್ಕಿ ಕೋಳಿಯ ರೆಕ್ಕೆಯದು. ಎಡರೆಕ್ಕೆ, ಬಲರೆಕ್ಕೆ ಅಂತ ಬೇರೆ ಬೇರೆಯಾಗಿ ಬರುತ್ತವೆ. ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಬಾಗಿರುತ್ತವೆ. ಒಂದು ಬಾಣದ ಮೂರೂ ಗರಿ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಇದರಲ್ಲಿ ರಾಜಿ ಇಲ್ಲ. ಹಿಂದಿನಿಂದ ನೋಡಿದರೆ ಬಲರೆಕ್ಕೆಯ ಗರಿ ಬಾಣವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತದೆ, ಎಡರೆಕ್ಕೆಯದು ಅದರ ವಿರುದ್ಧಕ್ಕೆ. ಯಾವುದು ಮೇಲು ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಕೈಯಲ್ಲಿರುವ ಕ್ಲ್ಯಾಂಪ್ (ಅಂಟಿಸುವಾಗ ಗರಿಯನ್ನು ಹಿಡಿದಿಡುವ ಇಕ್ಕಳ) ಯಾವ ಕಡೆಯದೋ ಆ ಕಡೆಯ ಗರಿ ತಂದರಾಯಿತು.

ಮೊದಲ ಕೆಲಸ ಒರೆಸುವುದು. ಸುಮ್ನೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಆಗುವುದಿಲ್ಲ. ಹೊಸ ಕಾರ್ಬನ್ ಶಾಫ್ಟ್, ಅಂದರೆ ಬಾಣದ ಕೋಲಿನ ಮೇಲೆ ಕಣ್ಣಿಗೆ ಕಾಣದ ಜಿಡ್ಡು ಇರುತ್ತದೆ. ಗರಿ ಕೂರುವ ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಿಳಿ ಬಟ್ಟೆಯಲ್ಲಿ ಉಜ್ಜುತ್ತೇನೆ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ. ಆಮೇಲೆ ಒಂದು ಹನಿ ನೀರು ಬಿಟ್ಟು ನೋಡುತ್ತೇನೆ. ನೀರು ಮಣಿಮಣಿಯಾಗಿ ನಿಂತರೆ ಇನ್ನೂ ಜಿಡ್ಡಿದೆ ಅಂತ. ತೆಳ್ಳಗೆ ಹರಡಿದರೆ ಶಾಫ್ಟ್ ತಯಾರು. ಅದನ್ನು ಒಣಗಿಸಿ ಇಟ್ಟ ಮೇಲೆ ಆ ಜಾಗವನ್ನು ಬೆರಳಲ್ಲಿ ಮುಟ್ಟಬಾರದು. ಅಸಿಟೋನ್ ಕೂಡ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ. ಆದರೆ ಮರದ ಬಾಣಕ್ಕೆ ಬಳಿದ ಲ್ಯಾಕರನ್ನೂ ಕರಗಿಸಿಬಿಡುತ್ತದೆ. ಮರಕ್ಕೆ ನಾನು ಅದನ್ನು ಹತ್ತಿರಕ್ಕೂ ತರುವುದಿಲ್ಲ. ಲ್ಯಾಕರ್ ಪೂರ್ತಿ ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರಿನಲ್ಲಿ ಹಗುರಾಗಿ ಒಮ್ಮೆ ಎಳೆದು, ಹೊಳಪು ಮಾಸಿದ ಮೇಲೆ ಧೂಳು ಒರೆಸುತ್ತೇನೆ.

ಗರಿಯ ದಂಟಿನ ತಳವನ್ನೂ ನೋಡಬೇಕು. ಇದನ್ನು ಬಹಳ ಜನ ನೋಡುವುದೇ ಇಲ್ಲ. ಕಂಪನಿಯವರು ತಳ ಅರೆದು ಮಟ್ಟ ಮಾಡಿಯೇ ಕಳಿಸುತ್ತಾರೆ. ಆದರೂ ಕೆಲವು ಗರಿಗಳಲ್ಲಿ ತಳ ಒಂದು ಕಡೆಗೆ ವಾಲಿರುತ್ತದೆ, ಕೆಲವು ತುದಿಯಲ್ಲಿ ದಪ್ಪ ಇರುತ್ತವೆ. ಗರಿಯನ್ನು ಕ್ಲ್ಯಾಂಪಿಗೆ ಹಾಕಿ, ಇನ್ನೂ ಏನೂ ಹಚ್ಚದೆ, ಶಾಫ್ಟ್ ಮೇಲೆ ಒಮ್ಮೆ ಇಳಿಸಿ ಬೆಳಕಿಗೆ ಹಿಡಿಯುತ್ತೇನೆ. ದಂಟಿಗೂ ಶಾಫ್ಟಿಗೂ ನಡುವೆ ಬೆಳಕಿನ ಗೆರೆ ಕಂಡರೆ ಅಲ್ಲಿ ಏನೇ ಅಂಟಿಸಿದರೂ ನಿಲ್ಲುವುದಿಲ್ಲ. ಗರಿಯನ್ನು ತಿರುಚಿ ಕೂರಿಸುವ ಕ್ಲ್ಯಾಂಪ್ ಆದರೆ ಈ ಗೆರೆ ಕಾಣುವುದು ಜಾಸ್ತಿ, ಎರಡು ತುದಿಗಳಲ್ಲಿ. ಆಗ ಜಿಗ್ಗಿನ (ಬಾಣವನ್ನೂ ಕ್ಲ್ಯಾಂಪನ್ನೂ ಹಿಡಿದಿಡುವ ಚೌಕಟ್ಟಿನ) ತಿರುಪು ಸರಿಮಾಡಿ ಕ್ಲ್ಯಾಂಪನ್ನು ಚೂರು ಆಚೀಚೆ ಸರಿಸುತ್ತೇನೆ, ಬೆಳಕು ಮಾಯವಾಗುವವರೆಗೆ. ಒಂದು ಬಾಣಕ್ಕೆ ಸರಿಯಾದರೆ ಅದೇ ದಪ್ಪದ ಉಳಿದ ಬಾಣಗಳಿಗೂ ಸರಿ.

ಇನ್ನು ಟೇಪಿನ ವಿಷಯ. ಗರಿಗೆಂದೇ ಬರುವ ಎರಡೂ ಬದಿ ಅಂಟುವ ಟೇಪ್ ಸುಮಾರು 3 ಮಿ.ಮೀ. ಅಗಲ ಇರುತ್ತದೆ. ಗರಿಯನ್ನು ಕ್ಲ್ಯಾಂಪಿನಲ್ಲಿ ಹಿಡಿಸಿ, ದಂಟಿನ ತಳ ಮೇಲಕ್ಕೆ ಬರುವಂತೆ ತಿರುಗಿಸಿ, ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯದೆ ಇಡುತ್ತೇನೆ. ಎಳೆದು ಹಚ್ಚಿದ ಟೇಪ್ ಆಮೇಲೆ ಕುಗ್ಗಿ ತುದಿ ಬಿಡುತ್ತದೆ. ಉಗುರಿನಿಂದ ಉದ್ದಕ್ಕೂ ಒತ್ತಿ, ಬ್ಲೇಡಿನಲ್ಲಿ ತುದಿಗೆ ಸರಿಯಾಗಿ ಕತ್ತರಿಸುತ್ತೇನೆ. ಮೇಲಿನ ಕಾಗದ ಬಿಡಿಸುವುದೇ ಕಷ್ಟದ ಕೆಲಸ. ಬ್ಲೇಡಿನ ಮೂಲೆಯನ್ನು ಕಾಗದದ ಕೆಳಗೆ ತೂರಿಸಿ ಸ್ವಲ್ಪ ಎತ್ತಿ, ಅಲ್ಲಿಂದ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆದರೆ ಟೇಪ್ ದಂಟಿನಲ್ಲೇ ಉಳಿಯುತ್ತದೆ. ನೇರ ಮೇಲಕ್ಕೆ ಎಳೆದರೆ ಟೇಪೂ ಕಾಗದದ ಜೊತೆ ಬರುತ್ತದೆ. ಆಮೇಲೆ ಕ್ಲ್ಯಾಂಪನ್ನು ಜಿಗ್ಗಿಗೆ ಇಳಿಸಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಈ ಟೇಪಿನ ಹಿಡಿತ ಬರುವುದೇ ಒತ್ತುವುದರಿಂದ. ಕ್ಲ್ಯಾಂಪ್ ತೆಗೆದ ಮೇಲೆ ದಂಟಿನ ಎರಡೂ ಬದಿಗೆ ಉಗುರು ಆಡಿಸಿ ಇನ್ನೊಮ್ಮೆ ಒತ್ತುತ್ತೇನೆ.

ಟೇಪಿನ ದೊಡ್ಡ ಲಾಭ ಸಮಯ. ಒಂದು ಡಜನ್ ಬಾಣ ಅಂದರೆ 36 ಗರಿ. ಆವಿಯಾಗಿ ಒಣಗುವ ಹಳೇ ಮಾದರಿಯ ಅಂಟು ಬಳಸಿದರೆ ಪ್ರತಿ ಗರಿಯನ್ನೂ ಕ್ಲ್ಯಾಂಪಿನಲ್ಲಿ 15 ನಿಮಿಷವಾದರೂ ಬಿಡಬೇಕು. ಒಂದೇ ಕ್ಲ್ಯಾಂಪ್ ಇದ್ದವರಿಗೆ ಅದು 9 ಗಂಟೆಯ ಕೆಲಸ. ಟೇಪಿನಲ್ಲಿ ಒಂದು ಸಂಜೆ ಕೂಡ ಬೇಡ. ಮೈದಾನದಲ್ಲಿ ಒಂದು ಗರಿ ಹೋದರೆ ಅಲ್ಲೇ ಹಚ್ಚಿ ಮತ್ತೆ ಬಿಡಬಹುದು.

ಆದರೂ ನನ್ನ ಮರದ ಬಾಣಗಳಿಗೆ ನಾನು ಅಂಟೇ ಬಳಸುವುದು. ಲ್ಯಾಕರ್ ಬಳಿದ ಮರಕ್ಕೆ ಆ ಹಳೇ ಮಾದರಿಯ ಅಂಟು ಕಚ್ಚಿಕೊಳ್ಳುವ ರೀತಿ ನನಗೆ ಬಹಳ ಇಷ್ಟ. ಅದು ಲ್ಯಾಕರನ್ನು ಸ್ವಲ್ಪ ಮೆತ್ತಗೆ ಮಾಡಿ ಅದರೊಳಗೇ ಸೇರಿಕೊಳ್ಳುತ್ತದೆ. ಎಲ್ಲಾ ವಾರ್ನಿಶ್‌ಗೂ ಎಲ್ಲಾ ಅಂಟೂ ಹೊಂದುವುದಿಲ್ಲ, ಅದಕ್ಕೇ ಹೊಸ ಡಬ್ಬಿ ತಂದಾಗ ಮುರಿದ ಬಾಣದ ತುಂಡಿನ ಮೇಲೆ ಒಂದು ಗರಿ ಹಚ್ಚಿ ಮರುದಿನ ಎಳೆದು ನೋಡುತ್ತೇನೆ. ದಂಟಿನ ಮೇಲೆ ಅಂಟಿನ ಗೆರೆ ತೆಳ್ಳಗಿರಲಿ, ಎಲ್ಲೂ ಕಡಿಯದೆ ಇರಲಿ. ಜಾಸ್ತಿ ಹಚ್ಚಿದರೆ ಬದಿಯಿಂದ ಉಕ್ಕಿ ಕ್ಲ್ಯಾಂಪನ್ನೇ ಶಾಫ್ಟಿಗೆ ಅಂಟಿಸುತ್ತದೆ. ಕ್ಲ್ಯಾಂಪಿನ ಅಂಚಿಗೆ ಮೇಣದಬತ್ತಿ ಉಜ್ಜಿಟ್ಟರೆ ಈ ತೊಂದರೆ ಇಲ್ಲ. ಆದರೆ ಆ ಮೇಣ ಶಾಫ್ಟಿಗಾಗಲಿ ದಂಟಿನ ತಳಕ್ಕಾಗಲಿ ಹತ್ತಬಾರದು.

ಸೂಪರ್ ಗ್ಲೂ ಸೆಕೆಂಡುಗಳಲ್ಲಿ ಹಿಡಿಯುತ್ತದೆ, ಕಾರ್ಬನ್ನಿಗೆ ಚೆನ್ನಾಗಿ ಒಗ್ಗುತ್ತದೆ. ಅದರಲ್ಲಿ ಗಟ್ಟಿ ಜೆಲ್ ಮಾದರಿಯದನ್ನೇ ಆರಿಸಿ. ನೀರಿನಂತೆ ತೆಳ್ಳಗಿರುವುದು ದಂಟಿನಿಂದ ಗರಿಯ ಎಳೆಗಳಿಗೆ ಏರುತ್ತದೆ. ಎಳೆಗಳು ಅಲ್ಲೇ ಗಟ್ಟಿಯಾಗಿ ಬಿಡುತ್ತವೆ. ಬಾಗಲಿ ಅಂತಲೇ ಅಲ್ವಾ ನಾವು ಹಕ್ಕಿ ಗರಿ ಹಾಕಿದ್ದು?

ಗರಿ ಕೂರಿಸುವ ಲೆಕ್ಕ ಟೇಪ್, ಅಂಟು ಎರಡಕ್ಕೂ ಒಂದೇ. ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಹಿಂದಿನ ತುದಿ) ಕಡೆಯಿಂದ ಸುಮಾರು 2.5 ಸೆಂ.ಮೀ. ಜಾಗ ಬಿಡುತ್ತೇನೆ, ಬೆರಳಿಗೆ ಗರಿ ತಾಗಬಾರದು. ಮೂರರಲ್ಲಿ ಬೇರೆ ಬಣ್ಣದ ಒಂದು ಗರಿ ಹೆದೆ ಕೂರುವ ಸೀಳಿಗೆ ಅಡ್ಡವಾಗಿ ನಿಲ್ಲಬೇಕು, ಉಳಿದೆರಡು ಅಲ್ಲಿಂದ 120 ಡಿಗ್ರಿಗೊಂದರಂತೆ. ದಂಟಿನ ದಪ್ಪ ತುದಿ ಮುಂದಕ್ಕೆ ಬರುತ್ತದೆ. ಮೊನೆಯ ಕಡೆಯಿಂದ ನಾಕ್ ಕಡೆಗೆ ಕೈ ಆಡಿಸಿದರೆ ನಯವಾಗಿ ಹೋಗಬೇಕು.

ಈಗ ಮುಂದಿನ ತುದಿ. ಗರಿ ಮೂರೂ ಕೂತ ಮೇಲೆ ದಂಟಿನ ಮುಂದಿನ ತುದಿಯನ್ನು ಹರಿತ ಬ್ಲೇಡಿನಿಂದ ಓರೆಯಾಗಿ ಕತ್ತರಿಸುತ್ತೇನೆ. ಆಮೇಲೆ ಸ್ಯಾಂಡ್‌ಪೇಪರಿನ ಸಣ್ಣ ತುಂಡಿನಿಂದ ಇಳಿಜಾರು ಮಾಡುತ್ತೇನೆ. ಬೆರಳನ್ನು ಶಾಫ್ಟಿನ ಮೇಲೆ ಜಾರಿಸಿಕೊಂಡು ಬಂದರೆ ಗರಿ ಎಲ್ಲಿ ಶುರುವಾಯಿತು ಅಂತ ತಿಳಿಯಬಾರದು. ನಂತರ ಒಂದೇ ಒಂದು ಹನಿ ಅಂಟು. ಸೂಜಿಯ ತುದಿಯಲ್ಲಿ ತೆಗೆದುಕೊಂಡು ಇಳಿಜಾರಿನ ಬುಡಕ್ಕೆ ಮುಟ್ಟಿಸುತ್ತೇನೆ. ಅಂಟು ತಾನೇ ಸುತ್ತ ಹರಿದು ದಂಟಿಗೂ ಶಾಫ್ಟಿಗೂ ನಡುವಿನ ಮೂಲೆ ತುಂಬುತ್ತದೆ. ಹಿಂದಿನ ತುದಿಗೂ ಹಾಗೇ ಒಂದು ಹನಿ. ಟೇಪ್ ಹಾಕಿದ ಬಾಣಕ್ಕೂ ಇದನ್ನು ನಾನು ಎಂದೂ ಬಿಡುವುದಿಲ್ಲ. ಟೇಪ್ ಉದ್ದಕ್ಕೂ ಹಿಡಿದಿರುತ್ತದೆ, ತುದಿ ಏಳದಂತೆ ಕಾಯುವುದು ಈ ಹನಿ.

ಬಾಣವನ್ನು ಕೈಯ ಮೇಲೆಯೇ ಇಟ್ಟು ಬಿಡುವವರು ಇಷ್ಟಕ್ಕೇ ನಿಲ್ಲಿಸಬೇಡಿ. ಎದ್ದ ದಂಟು ಚರ್ಮ ಸೀಳುತ್ತದೆ, ಒಳಗೂ ಹೊಕ್ಕುತ್ತದೆ. ಮುಂದಿನ ತುದಿಯ ಮೇಲೆ ತೆಳ್ಳನೆಯ ಗಟ್ಟಿ ನೂಲನ್ನು ಒತ್ತೊತ್ತಾಗಿ ಸುತ್ತಿ, ಕೊನೆಯನ್ನು ಸುತ್ತಿನೊಳಗೆ ಎಳೆದು, ಮೇಲೆ ಅಂಟು ಸವರಬೇಕು. ಇದು ಹೊಸ ಉಪಾಯವೇನಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ ಓಟ್ಜಿ ಎಂಬ ಮನುಷ್ಯನ ಬತ್ತಳಿಕೆಯಲ್ಲಿ ಪೂರ್ತಿ ತಯಾರಾದ ಎರಡು ಬಾಣಗಳಿದ್ದವು. ಎರಡಕ್ಕೂ ಮೂರು ಮೂರು ಗರಿ. ಬರ್ಚ್ ಮರದ ತೊಗಟೆಯ ಟಾರಿನಿಂದ ಅಂಟಿಸಿ, ಮೇಲೆ ನೂಲು ಸುತ್ತಿದ್ದರು. 5,000 ವರ್ಷಕ್ಕೂ ಹಿಂದಿನ ಕೆಲಸ ಅದು. ಅಂಟೊಂದನ್ನೇ ನಂಬಬಾರದು ಅಂತ ಆಗಲೇ ಗೊತ್ತಿತ್ತು ನೋಡಿ. ನೂಲು ಸುತ್ತುವಾಗ ನನಗೆ ಆ ಬಾಣ ಕಟ್ಟಿದವರ ಮೇಲೆ ನಿಜವಾಗಿ ಗೌರವ ಬರುತ್ತದೆ.

ಬಿಸಿಲು, ಮಳೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಟೇಪ್ ಮೆತ್ತಗಾಗಿ ಗರಿ ಜರುಗುತ್ತದೆ, ಬಾಣಗಳನ್ನು ಅಲ್ಲಿ ಬಿಡಬೇಡಿ. ಮಳೆಯಲ್ಲಿ ಗರಿಯ ಎಳೆಗಳು ನೆನೆದು ಮಲಗಿಬಿಡುತ್ತವೆ. ಅದು ಟೇಪಿನ ತಪ್ಪೂ ಅಲ್ಲ, ಅಂಟಿನ ತಪ್ಪೂ ಅಲ್ಲ. ಒಣಗಿದ ಮೇಲೆ ಕುದಿಯುವ ನೀರಿನ ಆವಿಗೆ ಕೆಲವು ಸೆಕೆಂಡು ಹಿಡಿದು ತಿರುಗಿಸಿದರೆ ಮುದುಡಿದ ಎಳೆ ತಾನಾಗಿ ಎದ್ದು ನಿಲ್ಲುತ್ತದೆ. ಟೇಪ್ ಹಾಕಿದ ಬಾಣವಾದರೆ ಆವಿಯಲ್ಲಿ ಜಾಸ್ತಿ ಹೊತ್ತು ಇಡಬಾರದು.

ಹಳೆಯ ಗರಿ ತೆಗೆಯುವಾಗ ಟೇಪಿನದ್ದಕ್ಕೆ ಕೂದಲು ಒಣಗಿಸುವ ಡ್ರೈಯರಿನ ಬಿಸಿ ಗಾಳಿ ಸಾಕು, ಸುಲಿದು ಬರುತ್ತದೆ. ಅಂಟಿನದ್ದನ್ನು ಮೊಂಡು ಚಾಕುವಿನಿಂದ ಶಾಫ್ಟಿನ ಉದ್ದಕ್ಕೆ ಕೆರೆಯುತ್ತೇನೆ. ಹರಿತ ಚಾಕು ಕಾರ್ಬನ್ನಿನ ಎಳೆಗಳನ್ನೇ ಕತ್ತರಿಸುತ್ತದೆ. ಕೆರೆದ ಮೇಲೆ ಶಾಫ್ಟಿನ ಎರಡೂ ತುದಿ ಹಿಡಿದು, ಮುಖದಿಂದ ದೂರಕ್ಕೆ ಚಾಚಿ, ಸ್ವಲ್ಪ ಬಾಗಿಸುತ್ತೇನೆ. ತಿರುಗಿಸಿ ಮತ್ತೆ ಬಾಗಿಸುತ್ತೇನೆ. ಚಟಪಟ ಸದ್ದು ಕೇಳಿಸಿದರೆ, ಇಲ್ಲವೇ ಎಲ್ಲಾದರೂ ಸಿಬಿರು ಎದ್ದಿದ್ದರೆ ಆ ಶಾಫ್ಟನ್ನು ಮುರಿದೇ ಎಸೆಯುವುದು. ಅದಕ್ಕೆ ಮತ್ತೆ ಗರಿ ಹಚ್ಚುವುದಿಲ್ಲ, ಬೇರೆಯವರ ಕೈಗೆ ಸಿಗಲೂ ಬಿಡುವುದಿಲ್ಲ.