ಕಬಡ್ಡಿ ಮುಗಿದ 21 ಗಂಟೆಯೊಳಗೆ ಆರ್ಕೆಸ್ಟ್ರಾ: ಒಳಾಂಗಣದ ನೆಲ ಬದಲಿಸುವ ಕೆಲಸ

ರಾತ್ರಿ ಒಂಬತ್ತೂವರೆಗೆ ಕೊನೆಯ ಪಂದ್ಯದ ಸೀಟಿ. ಮರುದಿನ ಸಂಜೆ ಆರೂವರೆಗೆ ಅದೇ ಅಂಗಳದಲ್ಲಿ ಹಾಡು. ನಡುವೆ ಸಿಗೋದು 21 ಗಂಟೆ. ಸ್ಟೇಜ್‌, ಟ್ರಸ್‌ (ಲೈಟು, ಸ್ಪೀಕರ್‌ ತೂಗುಹಾಕುವ ಲೋಹದ ಚೌಕಟ್ಟು), ಸೌಂಡು, ಲೈಟು ಎಲ್ಲ ಸೇರಿ ಹತ್ತು ಗಂಟೆ ತಿನ್ನುತ್ತವೆ. ಉಳಿದದ್ದೆಲ್ಲ ನೆಲಕ್ಕೇ ಹೋಗುತ್ತೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಟ್ರಸ್‌ ನೋಡ್ತಾ ತಲೆ ಎತ್ತಿಕೊಂಡು ನಿಲ್ಲುತ್ತಾರೆ. ಅವರಿಗೆ ನಾವು ಹೇಳೋ ಮೊದಲ ಮಾತು: ಮೇಲೆ ಆಮೇಲೆ ನೋಡಪ್ಪ, ಕೆಳಗೆ ನೋಡು.

ನಮ್ಮ ಕಡೆಯ ಒಳಾಂಗಣಗಳು ಆಟಕ್ಕೆಂದು ಕಟ್ಟಿದವು. ಬೆಂಗಳೂರಿನ ಕೋರಮಂಗಲ ಒಳಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಎದ್ದದ್ದು. ಪ್ರೊ ಕಬಡ್ಡಿಯಂಥ ದೊಡ್ಡ ಲೀಗು ಬಂದರೆ, 2022ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಆದ ಹಾಗೆ, ವಾರಗಟ್ಟಲೆ ಅಂಗಳ ಅವರದ್ದೇ. ನಡುವೆ ಯಾರೂ ಏನೂ ಬಿಚ್ಚಬೇಕಿಲ್ಲ. ಪೇಚಾಟ ಇರೋದು ಸಣ್ಣ ಲೀಗುಗಳಲ್ಲಿ. ಜಿಲ್ಲಾ ಕಬಡ್ಡಿ, ಕಂಪನಿಗಳ ವಾಲಿಬಾಲ್‌, ಅಂತರಕಾಲೇಜು ಬ್ಯಾಸ್ಕೆಟ್‌ಬಾಲ್‌. ಶುಕ್ರವಾರ ಆಟ, ಭಾನುವಾರ ಆಟ. ಟಿಕೆಟ್ಟಿನ ದುಡ್ಡಲ್ಲಿ ಕರೆಂಟ್‌ ಬಿಲ್ಲೂ ಹುಟ್ಟಲ್ಲ, ಹಾಗಾಗಿ ನಡುವಿನ ಶನಿವಾರವನ್ನು ಸಂಗೀತದವರಿಗೆ ಬಾಡಿಗೆಗೆ ಕೊಡಲೇಬೇಕು.

ಮೊದಲು ಮ್ಯಾಟ್‌. ಪುರುಷರ ಕಬಡ್ಡಿ ಅಂಗಳ 13 × 10 ಮೀಟರ್‌. ಸುತ್ತ ಎರಡೆರಡು ಮೀಟರ್‌ ಬಿಟ್ಟರೆ 17 × 14, ಅಂದರೆ ಒಂದು ಮೀಟರ್‌ ಚೌಕದ ಹಲ್ಲುಕಚ್ಚುವ ಮ್ಯಾಟ್‌ 238. ಇಪ್ಪತ್ತೈದು ಮಿಲಿಮೀಟರ್‌ ದಪ್ಪದ್ದಾದರೆ ಒಂದೊಂದು ಎರಡೂವರೆ ಕಿಲೋ ಆಸುಪಾಸು, ಭಾರವೇನಲ್ಲ. ಆದರೆ ಅವಸರದಲ್ಲಿ ಮೂಲೆ ಹಿಡಿದು ಜಗ್ಗಿದರೆ ಹಲ್ಲು ಕಿತ್ತು ಬರುತ್ತೆ, ಮುಂದಿನ ಸಲ ಅದೇ ಜಾಗದಲ್ಲಿ ಸಂದಿ ಬಾಯಿ ಬಿಡುತ್ತೆ, ರೇಡರ್‌ನ ಹೆಬ್ಬೆರಳು ಅದರೊಳಗೆ ಸಿಕ್ಕುತ್ತೆ. ಒಂದು ಅಂಚಿನಿಂದ ಶುರುಮಾಡಿ ಸಾಲುಸಾಲಾಗಿ, ಎರಡೂ ಕೈ ಅಡಿಗೆ ತೂರಿಸಿ ಎಬ್ಬಿಸಬೇಕು. ಪ್ರತಿಯೊಂದರ ಬೆನ್ನಿಗೂ ಸಾಲು, ಕ್ರಮಸಂಖ್ಯೆ ಬರೆದಿರಬೇಕು: ‘7–12’ ಅಂದರೆ ಏಳನೇ ಸಾಲಿನ ಹನ್ನೆರಡನೆಯದು. ನಂಬರ್‌ ಇಲ್ಲದ ಮ್ಯಾಟ್‌ ಜೋಡಿಸುವಾಗ ಬೋನಸ್‌ ಗೆರೆಯ ಟೇಪು ಹಾವಿನ ಹಾಗೆ ಓಡುತ್ತೆ. ಹನ್ನೆರಡು ಜನ ಇದ್ದರೆ ಮುಕ್ಕಾಲು ಗಂಟೆಯ ಕೆಲಸ. ಬೆವರು ಒರೆಸದೆ ಪೇರಿಸಬೇಡಿ. ಹಸಿ ಮ್ಯಾಟ್‌ ಎರಡು ದಿನ ಒಂದರ ಮೇಲೊಂದು ಕೂತರೆ ಬರೋ ವಾಸನೆ ಯಾವ ಫಿನಾಯಿಲಿಗೂ ಹೋಗಲ್ಲ.

ಮ್ಯಾಟ್‌ ಎದ್ದ ಮೇಲೆ ಕಾಣೋದೇ ನಿಜವಾದ ಆಸ್ತಿ. ಮೇಲೆ ಮೇಪಲ್‌ ಪಟ್ಟಿ, ಅದರಡಿ ಮರದ ರೀಪು, ರೀಪಿನಡಿ ರಬ್ಬರ್‌ ಪ್ಯಾಡು. ರೀಪು ರೀಪಿನ ನಡುವೆ ಟೊಳ್ಳು. ಆಟಗಾರನ ಮಂಡಿ ಉಳಿಯೋದು ಈ ಟೊಳ್ಳಿನಿಂದ. ನಮ್ಮ ಲೋಡಿಗೆ ನೆಲ ಕುಸಿಯೋದೂ ಇದರಿಂದಲೇ. ಒಳಾಂಗಣ ಕ್ರೀಡಾ ನೆಲಕ್ಕೆ ಯುರೋಪಿನವರು ಇಟ್ಟುಕೊಂಡ ಇಎನ್‌ 14904 ಮಾನದಂಡದಲ್ಲಿ ಉರುಳುವ ಭಾರದ ಪರೀಕ್ಷೆ ನಡೆಯೋದು 1,500 ನ್ಯೂಟನ್‌ಗೆ. ಕಿಲೋ ಲೆಕ್ಕದಲ್ಲಿ ನೂರೈವತ್ತು ಚಿಲ್ಲರೆ. ಆಂಪ್ಲಿಫೈಯರ್‌ ರ‍್ಯಾಕ್‌ ಹೇರಿದ ಪ್ಯಾಲೆಟ್‌ ಟ್ರಾಲಿ ಆರಾಮಾಗಿ 400 ಕಿಲೋ ದಾಟುತ್ತೆ, ಅದೂ ಬೆರಳುದ್ದದ ಗಟ್ಟಿ ನೈಲಾನ್‌ ಚಕ್ರದ ಮೇಲೆ. ಫೋರ್ಕ್‌ಲಿಫ್ಟ್‌ ಬಗ್ಗೆ ಮಾತೇ ಬೇಡ. ‘ಒಂದೇ ಒಂದು ಟ್ರಿಪ್‌ ಸಾರ್‌’ ಅಂತ ಲಾರಿಯವರು ಗೋಗರೆಯುತ್ತಾರೆ. ಬಿಡಬಾರದು.

ಹೊದಿಕೆಯ ಕ್ರಮ ಹೀಗೆ. ಒಣ ಮಾಪ್‌ನಿಂದ ಗುಡಿಸಿ. ನೀರು ಬೇಡವೇ ಬೇಡ. ಹೊದಿಕೆ ಅಡಿಯಲ್ಲಿ ಉಳಿದ ಒಂದು ಮರಳುಕಣ ರಾತ್ರಿಯಿಡೀ ಉಪ್ಪುಕಾಗದದ ಕೆಲಸ ಮಾಡುತ್ತೆ. ಅದರ ಮೇಲೆ ಎಕ್ಸಿಬಿಷನ್‌ಗೆ ಹಾಸುವ ತೆಳು ಕಾರ್ಪೆಟ್‌. ಜನ ನಿಲ್ಲುವ ಕಡೆ ಕಾರ್ಪೆಟ್ಟಿನ ಮೇಲೆ ಪಿವಿಸಿ ಹಾಳೆ, ಅಂಚು ಒಂದರ ಮೇಲೊಂದು ಅರ್ಧ ಅಡಿ ಹತ್ತಿಸಿ ಟೇಪು. ಚೆಲ್ಲಿದ ನೀರು, ಕೂಲ್‌ಡ್ರಿಂಕ್ಸ್‌ ಸಂದಿಯಲ್ಲಿ ಇಳಿದರೆ ಮೇಪಲ್‌ ಪಟ್ಟಿಯ ಅಂಚು ಮೇಲೇಳುತ್ತೆ, ಮತ್ತೆ ಮಟ್ಟಕ್ಕೆ ಬರಬೇಕಾದರೆ ಉಜ್ಜಿ ಪಾಲಿಶ್‌ ಹಾಕಿಸೋದೇ ಗತಿ. ದುಡ್ಡು ಉಳಿಸೋಕೆ ಹಳೇ ಫ್ಲೆಕ್ಸ್‌ ಬ್ಯಾನರ್‌ ಹಾಸೋ ಚಾಳಿ ಇದೆ. ಫ್ಲೆಕ್ಸ್‌ ಮೇಲೆ ನೀರು ಬಿದ್ದರೆ ಜನ ಜಾರ್ತಾರೆ; ಕುಣಿಯೋ ಗುಂಪಲ್ಲಿ ಒಬ್ಬ ಜಾರಿದರೆ ನಾಲ್ಕು ಜನ ಬೀಳ್ತಾರೆ.

ಸಾಮಾನು ಬರೋ ದಾರಿಗೆ ಮತ್ತು ಸ್ಟೇಜಿನ ಅಡಿಗೆ ಪ್ಲೈವುಡ್ಡೇ ಆಗಬೇಕು. ಬಾಗಿಲಿಂದ ಸ್ಟೇಜಿಗೆ 20 ಮೀಟರ್‌ ದಾರಿ, 8 ಅಡಿ ಅಗಲ: 12 ಎಂಎಂ ಶೀಟು ಪದರಕ್ಕೆ 17. ಎರಡು ಪದರ, ಮೇಲಿನದು ಕೆಳಗಿನ ಜೋಡಣೆಯ ಮೇಲೆ ಕೂರುವಂತೆ, ಇಟ್ಟಿಗೆ ಕಟ್ಟೋ ಹಾಗೆ. 40 × 24 ಅಡಿ ಸ್ಟೇಜಿಗೆ 18 ಎಂಎಂ ಶೀಟು 30, ಅಂಚಿಗೆ ಇನ್ನೂ ಆರು. ಒಟ್ಟು 70. ಟೇಪು ಶೀಟಿಂದ ಶೀಟಿಗೆ ಮಾತ್ರ, ನೆಲಕ್ಕೆ ತಾಗಕೂಡದು. ತಾಗಿ ಅಂಟು ಉಳಿದರೆ ಐಸೋಪ್ರೊಪೈಲ್‌ ಆಲ್ಕೋಹಾಲ್‌ನಲ್ಲಿ ಬಟ್ಟೆ ನೆನೆಸಿ ಒರೆಸಿ. ಕೈಗೆ ಸಿಕ್ಕಿತು ಅಂತ ಥಿನ್ನರ್‌ ಹಾಕಿದರೆ ಅಂಟಿನ ಜೊತೆಗೆ ಪಾಲಿಶೂ ಎದ್ದು ಬರುತ್ತೆ.

ಪ್ಲೈ ಯಾಕೆ ಅಂತ ಪ್ರತಿ ಸಲ ಸ್ಟೇಜಿನವರ ಹತ್ತಿರ ವಾದ ಆಗುತ್ತೆ, ಅದಕ್ಕೆ ಈ ಲೆಕ್ಕವನ್ನು ಬಾಯಿಪಾಠ ಇಟ್ಟುಕೊಂಡಿದ್ದೇವೆ. 8 × 4 ಅಡಿ ಡೆಕ್‌ (ನಾಲ್ಕು ಕಾಲಿನ ಸ್ಟೇಜ್‌ ಹಲಗೆ) ಸುಮಾರು ಮೂರು ಚದರ ಮೀಟರ್‌. ಚದರ ಮೀಟರಿಗೆ 500 ಕಿಲೋ ಹಿಡಿದರೆ ಡೆಕ್ಕಿನ ಮೇಲೆ ಒಂದೂವರೆ ಟನ್‌, ಒಂದೊಂದು ಕಾಲಿಗೆ 370 ಕಿಲೋ. ಕಾಲು 48 ಎಂಎಂ ಪೈಪು. ತುದಿಯ ಕ್ಯಾಪಿನ ವಿಸ್ತೀರ್ಣ 18 ಚದರ ಸೆಂಟಿಮೀಟರ್‌. ಅಂದರೆ ಚದರ ಸೆಂಟಿಮೀಟರಿಗೆ 20 ಕಿಲೋ ಒತ್ತಡ. ಕೆಳಗೆ ಒಂದಡಿ ಚೌಕದ 18 ಎಂಎಂ ಪ್ಲೈ ತುಂಡು ಇಟ್ಟರೆ ಅದು ಅರ್ಧ ಕಿಲೋಕ್ಕಿಂತ ಕಮ್ಮಿ ಆಗುತ್ತೆ. ಪೂರಾ ಸಮನಾಗಿ ಹರಡಲ್ಲ ನಿಜ, ಆದರೆ ಗುಳಿ ಬೀಳೋದು ತಪ್ಪುತ್ತೆ. ನಾಲ್ಕು ಡೆಕ್‌ ಕೂಡುವ ಮೂಲೆಯಲ್ಲಂತೂ ನಾಲ್ಕು ಕಾಲು ಒಟ್ಟಿಗೆ ನಿಲ್ಲುತ್ತವೆ, ಅಂದರೆ ಒಂದಡಿ ಜಾಗದಲ್ಲಿ ಒಂದೂವರೆ ಟನ್‌ ಬರಬಹುದು. ಅಲ್ಲಿ ತುಂಡು ಸಾಲದು, ಕೆಳಗಿನ ಪೂರ್ತಿ ಶೀಟಿನ ಜೊತೆಗೆ ಇನ್ನೊಂದು ಎರಡಡಿ ಚೌಕದ ತುಂಡು.

ಇನ್ನೊಂದು ಮರೆಯೋ ವಿಷಯ, ವಾಲಿಬಾಲ್‌ ಕಂಬದ ಗುಳಿಗಳು. ನೆಲದಲ್ಲಿ ಹಿತ್ತಾಳೆ ಮುಚ್ಚಳದ ಅಡಿ ಇರುತ್ತವೆ. ಕಾರ್ಪೆಟ್‌ ಹಾಸಿದ ಮೇಲೆ ಎಲ್ಲಿವೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಪ್ಲೈ ಕೂತ ತಕ್ಷಣ ಗೋಡೆಯಿಂದ ಅಳೆದು ಅದರ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಗುರುತಿನ ಮೇಲೆ ಸ್ಟೇಜಿನ ಕಾಲು ಬಂದರೆ ಇಡೀ ಸ್ಟೇಜನ್ನೇ ಅರ್ಧ ಅಡಿ ಸರಿಸಿ. ಬ್ಯಾಸ್ಕೆಟ್‌ಬಾಲ್‌ ಚಕ್ರದ ಕಂಬಗಳನ್ನೂ ಪ್ಲೈ ಬಂದ ಮೇಲೇ ಗೋಡೆಗೆ ತಳ್ಳಬೇಕು, ಅವುಗಳ ಹಿಂದಿನ ಭಾರದ ಪೆಟ್ಟಿಗೆ ಸಾಮಾನ್ಯದ್ದಲ್ಲ.

ಟ್ರಸ್‌ ಬಗ್ಗೆ ಹೆಚ್ಚು ಹೇಳೋದಿಲ್ಲ. ಛಾವಣಿಯ ಗರ್ಡರ್‌ ಕಾಣುತ್ತೆ ಅಂತ ಅದಕ್ಕೇ ಚೈನ್‌ ಹಾಯ್‌ಸ್ಟ್‌ (ಸರಪಳಿಯಲ್ಲಿ ಭಾರ ಎತ್ತುವ ಯಂತ್ರ) ಹಾಕೋಣ ಅನ್ನೋ ಮಾತು ಪ್ರತಿ ಸಲ ಬರುತ್ತೆ. ಆ ಜಾಗಕ್ಕೆ ಇಷ್ಟು ಕಿಲೋ ಅಂತ ಸ್ಟ್ರಕ್ಚರಲ್‌ ಎಂಜಿನಿಯರ್‌ ಬರೆದುಕೊಟ್ಟ ಕಾಗದ ಇಲ್ಲದಿದ್ದರೆ ಬೇಡ. ನಾಲ್ಕು ಟವರ್‌ ನಿಲ್ಲಿಸಿ ನೆಲದಿಂದಲೇ ಎತ್ತುತ್ತೇವೆ. ಹಾಯ್‌ಸ್ಟ್‌ ಶುರುವಾಗಿ ನಿಲ್ಲುವಾಗ ಎಳೆತ ಜಾಸ್ತಿಯಾಗೋದರಿಂದ ತೂಗುವ ತೂಕಕ್ಕೆ ಕಾಲುಭಾಗ ಸೇರಿಸಿ ಲೆಕ್ಕ ಹಾಕುತ್ತೇವೆ.

ಕರೆಂಟು. ಲೈಟು ಮತ್ತು ಎಲ್‌ಇಡಿ ಗೋಡೆಗೆ 125 ಕೆವಿಎ ಜನರೇಟರ್‌, ಸೌಂಡಿಗೆ ಬೇರೆಯೇ 62.5. ಎರಡನ್ನೂ ಒಂದಕ್ಕೇ ಕೊಟ್ಟರೆ ಲೈಟು ಮಿನುಗಿದಾಗಲೆಲ್ಲ ಸ್ಪೀಕರ್‌ ಗುಂಯ್‌ಗುಡೋ ಸಂಭವ ಇರುತ್ತೆ. ದುಬಾರಿ ಅನಾಹುತ ನ್ಯೂಟ್ರಲ್‌ದು, ಅಂದರೆ ಮೂರೂ ಫೇಸಿಗೆ ಸೇರಿದ ವಾಪಸಾತಿ ತಂತಿಯದು. ನ್ಯೂಟ್ರಲ್‌ ಬೋಲ್ಟ್‌ ಸಡಿಲವಾಗಿ ತಪ್ಪಿದರೆ ಲೋಡ್‌ ಕಮ್ಮಿ ಇರುವ ಫೇಸಿನಲ್ಲಿ ವೋಲ್ಟೇಜ್‌ 400ರ ಹತ್ತಿರ ಏರುತ್ತೆ, ಆಂಪ್ಲಿಫೈಯರ್‌, ಮಿಕ್ಸರ್‌, ಕೀಬೋರ್ಡ್‌ ಅಡಾಪ್ಟರ್‌ ಸಾಲಾಗಿ ಸುಡುತ್ತವೆ. ಯಾವುದೇ ಪ್ಲಗ್‌ ಹಾಕೋ ಮೊದಲು ಡಿಸ್ಟ್ರಿಬ್ಯೂಷನ್‌ ಬೋರ್ಡಿನಲ್ಲಿ ಮೀಟರ್‌ ಹಿಡಿಯಿರಿ: ಮೂರೂ ಫೇಸ್‌–ನ್ಯೂಟ್ರಲ್‌ ನಡುವೆ 230ರ ಆಸುಪಾಸು, ಫೇಸ್‌–ಫೇಸ್‌ 400ರಿಂದ 415, ನ್ಯೂಟ್ರಲ್‌–ಅರ್ತ್‌ ನಡುವೆ ಎರಡು ಮೂರು ವೋಲ್ಟಿಗಿಂತ ಮೇಲಿರಬಾರದು. ಲೋಡ್‌ ಬಿದ್ದ ಅರ್ಧ ಗಂಟೆಗೆ ಮತ್ತೊಮ್ಮೆ ನೋಡಿ, ಬಿಸಿಯಾದ ಮೇಲೇ ಬೋಲ್ಟಿನ ಬಣ್ಣ ಬಯಲಾಗೋದು.

ಸೌಂಡ್‌ಚೆಕ್‌ ಹೊತ್ತಿಗೆ ಒಳಾಂಗಣ ಖಾಲಿ, ಮೇಲೆ ತಗಡು, ಸುತ್ತ ಗೋಡೆ. 60 × 40 × 14 ಮೀಟರ್‌ ಹಾಲು ಅಂದರೆ 33,600 ಘನ ಮೀಟರ್‌. ಖಾಲಿಯಲ್ಲಿ ಪ್ರತಿಧ್ವನಿ ನಾಲ್ಕು ಸೆಕೆಂಡ್‌ ನಿಲ್ಲುತ್ತಿದ್ದರೆ ಸಬೀನ್‌ ಸೂತ್ರದ (ಹಾಲಿನ ಗಾತ್ರ, ಪ್ರತಿಧ್ವನಿ, ಹೀರಿಕೆ ಮೂರನ್ನೂ ಜೋಡಿಸುವ ಲೆಕ್ಕ) ಪ್ರಕಾರ ಆ ಹಾಲಿನ ಶಬ್ದ ಹೀರುವ ಶಕ್ತಿ ಸುಮಾರು 1,350 ಚದರ ಮೀಟರಿನಷ್ಟು. ಒಬ್ಬ ಮನುಷ್ಯ ಅರ್ಧ ಚದರ ಮೀಟರಿನಷ್ಟು ಹೀರುತ್ತಾನೆ ಅಂತ ಹಿಡಿಯಿರಿ. ಗ್ಯಾಲರಿ, ಅಂಗಳ ಸೇರಿ 3,000 ಜನ ಬಂದರೆ ಇನ್ನೂ 1,500 ಸೇರಿತು. ನಾಲ್ಕು ಸೆಕೆಂಡ್‌ ಎರಡರ ಒಳಗೆ ಇಳಿಯಿತು. ಹಾಗಾಗಿ ಮಧ್ಯಾಹ್ನ ಖಾಲಿ ಹಾಲಲ್ಲಿ ‘ಗೊಳಗೊಳ ಅಂತಿದೆ’ ಅಂತ ಕೂಗಾಡಿ ಈಕ್ವಲೈಸರ್‌ನಲ್ಲಿ (ದನಿಯ ಏರುತಗ್ಗು ತಿದ್ದುವ ಗುಂಡಿಗಳು) ಕೆತ್ತಿ ಹಾಕಿದರೆ ರಾತ್ರಿ ದನಿಯಲ್ಲಿ ಜೀವವೇ ಇರಲ್ಲ. ಮುಟ್ಟಬೇಕಾದ್ದು ಸ್ಪೀಕರ್‌ ಬಾಗು: ದನಿ ಜನರ ಮೇಲೆ ಬೀಳಲಿ, ತಗಡಿಗೂ ಹಿಂದಿನ ಗೋಡೆಗೂ ಬೀಳದಿರಲಿ. ಆ ಗೋಡೆಗೆ ದಪ್ಪ ಪರದೆ ಇಳಿಬಿಟ್ಟರೆ ಅರ್ಧ ತಲೆನೋವು ಕಳೆಯಿತು. ಹಿಂದೆ 25 ಮೀಟರಿಗೆ ಎರಡನೇ ಜೋಡಿ ಸ್ಪೀಕರ್‌ ಇಟ್ಟರೆ 72 ಮಿಲಿಸೆಕೆಂಡ್‌ ತಡ ಕೊಡಬೇಕು, ಇಲ್ಲದಿದ್ದರೆ ಪ್ರತಿ ಪದವೂ ಎರಡೆರಡು ಸಲ ಕೇಳುತ್ತೆ.

ಹೊರಗಿನವರ ದೂರು ಬರೋದು ಬಾಸ್‌ನಿಂದ, ಅಂದರೆ ಎದೆ ನಡುಗಿಸೋ ತಗ್ಗು ದನಿಯಿಂದ. ಛಾವಣಿಯ ಕೆಳಗಿನ ವೆಂಟಿಲೇಟರ್‌ ಸಂದಿಯಲ್ಲಿ ಅದು ಸೋರುತ್ತೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ತಡೆ ಇದೆ, ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ. ‘ನಮ್ಮದು ಒಳಾಂಗಣ ತಾನೆ’ ಅಂತ ಆಯೋಜಕರು ಇದನ್ನೇ ಹಿಡಿದುಕೊಳ್ಳುತ್ತಾರೆ. ಆ ವಿನಾಯಿತಿ ಒಳಗೆ ಕೇಳಿಸೋದಕ್ಕೆ ಮಾತ್ರ. ಗೇಟಿನ ಹತ್ತಿರ ಮೀಟರ್‌ ಏರಿದರೆ ಅದು ಯಾರನ್ನೂ ಕಾಪಾಡಲ್ಲ. ಹತ್ತಕ್ಕೆ ಮುಗಿಸೋದೇ ನೆಮ್ಮದಿ.

ಇನ್ನು ಎಷ್ಟು ಜನ. ಆಯೋಜಕರು ಅಂಗಳದ ಉದ್ದ ಅಗಲ ಗುಣಿಸಿ ಟಿಕೆಟ್‌ ಹೊಡೆಸ್ತಾರೆ. 34 × 20 ಮೀಟರ್‌ ಅಂಗಳ ಅಂದರೆ 680 ಚದರ ಮೀಟರ್‌ ಸರಿ. ಸ್ಟೇಜಿಗೆ 90, ಅದರ ಮುಂದೆ ಬ್ಯಾರಿಕೇಡ್‌ ಒಳಗಿನ ಗಲ್ಲಿಗೆ 30, ಮಿಕ್ಸರ್‌ ಕೂರುವ ಜಾಗಕ್ಕೆ 16, ಓಡಾಡೋ ದಾರಿಗೆ 40 ತೆಗೆಯಿರಿ. ಉಳಿದದ್ದು 500 ಚಿಲ್ಲರೆ. ನಿಂತವರಿಗೆ ತಲೆಗೆ 0.65 ಚದರ ಮೀಟರ್‌ ಹಿಡಿದರೆ 770. ಸಾವಿರ ಟಿಕೆಟ್‌ ಅಂದವರಿಗೆ ಈ ಕಾಗದ ತೋರಿಸುತ್ತೇವೆ. ಸಮತಟ್ಟು ಬಾಗಿಲಿಗೆ ತಲೆಗೆ 6.5 ಮಿಲಿಮೀಟರ್‌ ಅಗಲ ಲೆಕ್ಕ ಹಾಕಿದರೆ 770 ಜನಕ್ಕೆ ಐದು ಮೀಟರ್‌ ಬೇಕು. ಎರಡು ಮೀಟರಿನ ಬಾಗಿಲು ಮೂರಿವೆ ಅಂದುಕೊಂಡಿರ್ತೀವಿ. ಅವುಗಳಲ್ಲೊಂದರ ಹೊಸ್ತಿಲಲ್ಲಿ ಜನರೇಟರ್‌ ಕೇಬಲ್‌ ಹಾಯಿಸಿ ಅರ್ಧ ಬಾಗಿಲು ಮುಚ್ಚಿಬಿಟ್ಟರೆ ಉಳಿಯೋದು ಬರೀ ಐದು, ಕೈಯಲ್ಲಿದ್ದ ಮಿಗತೆ ಅಲ್ಲೇ ನೆಗೆದುಬಿತ್ತು. ಕೇಬಲ್ಲಿಗೆ ಬೇರೆ ಕಿಂಡಿ ಹುಡುಕಬೇಕು, ಕಿಟಕಿಯಾದರೂ ಸರಿ.

ಹೊಗೆ ಯಂತ್ರ ಹಾಕ್ತೀವಿ ಅಂದವರಿಗೆ ಎಣ್ಣೆ ದ್ರಾವಣ ಬೇಡ, ನೀರು ಆಧಾರಿತದ್ದೇ ತರಬೇಕು ಅಂತ ಮುಂಚೆ ಬರೆಸಿಕೊಳ್ಳಿ. ಎಣ್ಣೆಯದ್ದು ಗಾಳಿಯಲ್ಲಿ ತೇಲಿ ಇಡೀ ನೆಲದ ಮೇಲೆ, ಹೊದಿಸದ ಬದಿಯಲ್ಲೂ, ಕಣ್ಣಿಗೆ ಕಾಣದ ಪೊರೆಯಾಗಿ ಕೂರುತ್ತೆ. ಭಾನುವಾರ ಬ್ಯಾಸ್ಕೆಟ್‌ಬಾಲ್‌ ಆಡುವವನ ಶೂ ಜಾರೋದು ಅದರ ಮೇಲೆ. ಹೊಗೆಗಾಗಿ ಸ್ಮೋಕ್‌ ಡಿಟೆಕ್ಟರ್‌ ಆಫ್‌ ಮಾಡಿಸೋದಾದರೆ ಅಗ್ನಿಶಾಮಕದವರಿಗೆ ತಿಳಿಸಿ, ಅಷ್ಟೂ ಹೊತ್ತು ಪ್ಯಾನೆಲ್‌ ಮುಂದೆ ಒಬ್ಬ ಆಳು ಕೂರಬೇಕು. ಬಣ್ಣದ ಕಾಗದ ಚಿಮ್ಮಿಸೋದಕ್ಕೆ ನಾವು ಒಪ್ಪೋದೇ ಇಲ್ಲ, ಒದ್ದೆಯಾದರೆ ಬಣ್ಣ ಬಿಡುತ್ತೆ.

ಹಾಡು ಮುಗಿದ ಮೇಲೆ ಬಿಚ್ಚೋದು ಹಾಕಿದ್ದಕ್ಕಿಂತ ಅಪಾಯ, ಯಾಕೆಂದರೆ ಎಲ್ಲರಿಗೂ ನಿದ್ದೆ. ದಾರಿಯ ಪ್ಲೈ ಕೊನೆಯ ಪೆಟ್ಟಿಗೆ ಲಾರಿ ಹತ್ತೋ ತನಕ ಏಳಕೂಡದು. ಪ್ಲೈ ಎಳೆಯಬೇಡಿ, ಇಬ್ಬರು ಎತ್ತಿ. 18 ಎಂಎಂ ಶೀಟು ಮೂವತ್ತು ಕಿಲೋ ದಾಟುತ್ತೆ, ಒಬ್ಬನೇ ಹಿಡಿದರೆ ಒಂದು ಮೂಲೆ ನೆಲಕ್ಕೆ ಕುಕ್ಕೋದು ಖಂಡಿತ. ಕಾರ್ಪೆಟ್‌ ಒಳಮುಖವಾಗಿ ಸುತ್ತಿ, ಮೇಲಿನ ಕಸ ಕೆಳಗೆ ಉದುರದ ಹಾಗೆ. ಆಮೇಲೆ ಚಕ್ರದ ಮೇಲೆ ಉರುಳೋ ಅಯಸ್ಕಾಂತದ ಪಟ್ಟಿಯನ್ನು ಅಂಗಳದುದ್ದಕ್ಕೂ ಒಮ್ಮೆ, ಅಡ್ಡಡ್ಡ ಒಮ್ಮೆ ಓಡಿಸಿ. ಸ್ಕ್ರೂ, ವಾಷರ್‌, ಸ್ಟೇಪಲ್‌ ಪಿನ್‌ ಅಂತ ಪ್ರತಿ ಸಲ ಒಂದು ಬೊಗಸೆ ಸಿಗುತ್ತೆ. ಎರಡನೇ ಸುತ್ತಿನಲ್ಲಿ ಪಟ್ಟಿ ಖಾಲಿ ಬಂದ ಮೇಲೆ ಒಣ ಮಾಪ್‌ ಹಾಕಿ, ಒಬ್ಬ ಹುಡುಗನಿಗೆ ಆಟದ ಶೂ ಹಾಕಿಸಿ ಓಡಿ ನಿಲ್ಲೋಕೆ ಹೇಳಿ. ಶೂ ಕಿರ್ರ್‌ ಅಂದರೆ ‘1–1’ ನಂಬರಿನ ಮ್ಯಾಟ್‌ ತರಬಹುದು. ಸದ್ದಿಲ್ಲದೆ ಜಾರಿದರೆ ಇನ್ನೊಂದು ಸಲ ಮಾಪ್‌.