ಕೌಂಟರಿನಲ್ಲಿ ಹಿರಿಯ ಗ್ರಾಹಕರ ಬಿರುಮಾತನ್ನು ಎದುರಿಸುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ಪೇಟೆಗಳ ಸಹಕಾರಿ ಬ್ಯಾಂಕಿಗೋ, ಸರಕಾರಿ ಸೇವೆಗಳ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೋ ಹೊಸತಾಗಿ ಸೇರಿದ ಯುವಕ ಯುವತಿಯರು ಕಂಪ್ಯೂಟರಿನ ಕೆಲಸವನ್ನು ಬೇಗನೆ ಕಲಿಯುತ್ತಾರೆ; ಆದರೆ ಪ್ರಾಯದವರೊಬ್ಬರು ಎಲ್ಲರೆದುರು ಗದರಿದಾಗ ಏನು ಹೇಳಬೇಕೆಂಬುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ.

ಉತ್ತರಿಸುವ ಮೊದಲು ಅವರ ಕೈಯಲ್ಲಿರುವ ಕಾಗದವನ್ನು ನೋಡಿ. ನಮ್ಮ ಜಿಲ್ಲೆಯ ಉತ್ತರ ಭಾಗದ ಹಿರಿಯರಲ್ಲಿ ಅನೇಕರು ಕನ್ನಡ ಶಾಲೆಯಲ್ಲಿ ಓದಿದವರು. ಮಲಯಾಳದ ಅರ್ಜಿಯನ್ನು ಮುಂದಿಟ್ಟು ‘ಇದನ್ನು ತುಂಬಿಸಿ’ ಎಂದರೆ, ಓದಲು ಬರುವುದಿಲ್ಲವೆಂದು ಹೇಳುವ ಸಂಕೋಚವೇ ಹಲವೊಮ್ಮೆ ಸಿಟ್ಟಾಗಿ ಹೊರಬರುತ್ತದೆ. ಅವರು ಕೇಳುವವರೆಗೆ ಕಾಯದೆ, ಒಂದೊಂದೇ ಅಂಕಣವನ್ನು ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿ, ನೀವೇ ತುಂಬಿಸಿ, ಸಹಿಗೆ ಮುನ್ನ ಇನ್ನೊಮ್ಮೆ ಓದಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿರುವುದರಿಂದ, ಈ ನೆರವನ್ನು ಉಪಕಾರವೆಂಬಂತೆ ತೋರಿಸಿಕೊಳ್ಳುವುದು ಸರಿಯಲ್ಲ.

ಸಿಟ್ಟಿಗೆ ಎರಡನೆಯ ಕಾರಣ ಕಿವಿ. ಪ್ರಾಯವಾದಂತೆ ಮೊದಲು ಕೇಳಿಸದಾಗುವುದು ಕೀರಲು ಸ್ವರ. ಆದ್ದರಿಂದ ಕಿರುಚಿದರೆ ಮಾತು ಸ್ಪಷ್ಟವಾಗುವುದಿಲ್ಲ, ಬೈದಂತೆ ಮಾತ್ರ ಕಾಣುತ್ತದೆ. ಫ್ಯಾನಿನ ಸದ್ದಿನಿಂದ ದೂರ ಕುಳ್ಳಿರಿಸಿ, ಮುಖ ಕಾಣುವಂತೆ ಎದುರು ನಿಂತು, ತಗ್ಗಿದ ಸ್ವರದಲ್ಲಿ ನಿಧಾನವಾಗಿ ಹೇಳಿ. ‘ಮಾಸ್ಟ್ರೇ’, ‘ಶೆಟ್ರೇ’ ಎಂದು ಊರು ಕರೆಯುವಂತೆಯೇ ಕರೆಯಿರಿ. ಗುರುತಿಲ್ಲದವರನ್ನು ನೇರವಾಗಿ ‘ಅಜ್ಜ’ ಎನ್ನುವುದು ಕೆಲವರಿಗೆ ಹಿಡಿಸುವುದಿಲ್ಲ.

ಪಿಂಚಣಿಯ ಮಸ್ಟರಿಂಗ್, ಅಂದರೆ ಪಿಂಚಣಿದಾರರು ಬದುಕಿದ್ದಾರೆಂದು ಯಂತ್ರದಲ್ಲಿ ಗುರುತು ಹಿಡಿದು ಖಚಿತಪಡಿಸುವ ಸಮಯದಲ್ಲಿ ಜಗಳ ಹೆಚ್ಚು. ಅಡಿಕೆ ಸುಲಿದು, ಬೀಡಿ ಕಟ್ಟಿ, ಮಣ್ಣಿನ ಕೆಲಸ ಮಾಡಿ ಸವೆದ ಬೆರಳುಗಳ ಗೆರೆಯನ್ನು ಯಂತ್ರ ಗುರುತಿಸದಿದ್ದಾಗ, ‘ನಿಮ್ಮ ಬೆರಳು ಸರಿಯಿಲ್ಲ’ ಎಂಬ ಮಾತು ಬಾಯಿಗೆ ಬರಬಾರದು. ಯಂತ್ರಕ್ಕೆ ಗುರುತು ಹಿಡಿಯುತ್ತಿಲ್ಲವೆಂದು ಹೇಳಿ. ಕೈ ತೊಳೆಸಿ, ಒರೆಸಿ, ಬೇರೆ ಬೆರಳುಗಳಿಂದ ಪ್ರಯತ್ನಿಸಿ. ಆಗದಿದ್ದರೆ ಕಣ್ಣಿನ ಸ್ಕ್ಯಾನಿಗೆ ಹೋಗಿ. ಅಂದೂ ಕೆಲಸ ಮುಗಿಯದಿದ್ದರೆ, ಮುಂದಿನ ಸಲ ಏನೇನು ತರಬೇಕು, ಯಾವಾಗ ಬರಬೇಕು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಚೀಟಿಯಲ್ಲಿ ಬರೆದುಕೊಡಿ. ಒಳನಾಡಿನಿಂದ ಎರಡು ಬಸ್ಸು ಹಿಡಿದು ಬಂದವರನ್ನು ಒಂದು ರೇಷನ್ ಕಾರ್ಡಿನ ಪ್ರತಿಗಾಗಿ ಮತ್ತೆ ಹಿಂದೆ ಕಳುಹಿಸಿದರೆ ಅವರು ಸಿಟ್ಟಾಗುವುದು ನ್ಯಾಯವೇ.

ಸರದಿ ತಪ್ಪಿಸಿ ನುಗ್ಗುವವರಿಗೆ, ‘ಇವರದ್ದು ಮುಗಿದ ಕೂಡಲೇ ನಿಮ್ಮದೇ’ ಎಂದು ಹೇಳಿ, ಹೇಳಿದಂತೆ ನಡೆದುಕೊಂಡರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವರು ಬರಿಯ ದರ್ಪದಿಂದ ಮಾತನಾಡುತ್ತಾರೆ. ಹೆಣ್ಣುಮಕ್ಕಳನ್ನು ಕೀಳಾಗಿ ಸಂಬೋಧಿಸುತ್ತಾರೆ, ಜಾತಿ ಎತ್ತಿ ಹೀಯಾಳಿಸುತ್ತಾರೆ. ಪ್ರಾಯವೆಂಬ ಕಾರಣಕ್ಕೆ ಇದನ್ನು ಸಹಿಸಬೇಕಾಗಿಲ್ಲ. ‘ನಿಮ್ಮ ಕೆಲಸ ಮಾಡಿಕೊಡುತ್ತೇನೆ, ಆದರೆ ಈ ಮಾತು ಬೇಡ’ ಎಂದು ಒಮ್ಮೆ ಮಾತ್ರ, ಸ್ವರವೇರಿಸದೆ ಹೇಳಿ. ಮುಂದುವರಿದರೆ ಎದ್ದು ಮ್ಯಾನೇಜರರನ್ನು ಕರೆಯಿರಿ, ಆಡಿದ ಮಾತನ್ನು ಇದ್ದದ್ದಿದ್ದಂತೆ ದಿನಾಂಕ ಸಹಿತ ಬರೆದಿಡಿ. ಮ್ಯಾನೇಜರರಾದವರು ಗ್ರಾಹಕರ ಎದುರು ಸಿಬ್ಬಂದಿಯಿಂದ ಕ್ಷಮೆ ಕೇಳಿಸದೆ, ಉಳಿದ ಕೆಲಸವನ್ನು ತಾವೇ ಕುಳಿತು ಮುಗಿಸಿಕೊಡಬೇಕು.