ಕ್ಯಾನ್ಸರ್ ಚಿಕಿತ್ಸೆಯ ನಡುವೆ ರೂಟ್ ಕೆನಾಲ್: ಯಾವಾಗ, ಹೇಗೆ

ಕೀಮೋ ನಡೆಯುತ್ತಿರುವಾಗ ಹಲ್ಲು ನೋಯತೊಡಗಿದರೆ ಎಕ್ಸ್‌ರೇ ಜೊತೆಗೆ ರಕ್ತದ ವರದಿಯೂ ಕೈಯಲ್ಲಿರಬೇಕು, ಅದೂ 24 ಗಂಟೆಯೊಳಗಿನದು. ಕೀಮೋ ಕೊಟ್ಟ 7ರಿಂದ 14ನೇ ದಿನದ ಆಸುಪಾಸಿನಲ್ಲಿ ಸಾಮಾನ್ಯವಾಗಿ ರಕ್ತಕಣಗಳ ಸಂಖ್ಯೆ ತಳ ಮುಟ್ಟುತ್ತದೆ. ಮುಂದಿನ ಸುತ್ತಿಗೆ ತುಸು ಮುಂಚೆ, ಕಣಗಳು ಚೇತರಿಸಿಕೊಂಡಾಗ ರೂಟ್ ಕೆನಾಲ್‌ಗೆ ಕೂರಬೇಕು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಘನ ಮಿಲಿಮೀಟರಿಗೆ 1,000 ದಾಟಿರಲಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕನಿಷ್ಠ ಮಿತಿ ಕೆಲವೆಡೆ 50,000, ಕೆಲವೆಡೆ 75,000. ಕೆಳದವಡೆಯ ನರಕ್ಕೆ ಅರಿವಳಿಕೆ ಚುಚ್ಚುವುದಿದ್ದರೆ ಒಳಗೇ ರಕ್ತ ಸೋರಿ ಊದಿಕೊಳ್ಳುವ ಭಯವಿರುವುದರಿಂದ ಎರಡನೆಯದೇ ಕ್ಷೇಮ. ಕಣಗಳು ಕಡಿಮೆಯಿದ್ದು ಸೋಂಕು ಜೋರಾಗಿದ್ದರೆ ಕ್ಯಾನ್ಸರ್ ವೈದ್ಯರ ಸೂಚನೆಯಂತೆ ಆ್ಯಂಟಿಬಯಾಟಿಕ್, ಆಸ್ಪತ್ರೆಯಲ್ಲೇ ಚಿಕಿತ್ಸೆ.

ಕೀಮೋ ಇನ್ನೂ ಶುರುವಾಗಿಲ್ಲವೇ? ನೋಯುವ ಹಲ್ಲಿನ ಕೆಲಸ ಒಂದು ವಾರ ಮುಂಚೆಯೇ ಮುಗಿಯಲಿ. ನೋವಿಲ್ಲದೆ ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಬರೀ ನೆರಳು ಕಂಡರೆ ಸಾಮಾನ್ಯವಾಗಿ ಕಾಯಬಹುದು. ಅದಕ್ಕಾಗಿ ಕೀಮೋ ಮುಂದೂಡಬೇಕಿಲ್ಲ.

ಇನ್ನೊಂದು ಮೋಸವಿದೆ. ವಿನ್‌ಕ್ರಿಸ್ಟಿನ್‌ನಂಥ ಕೀಮೋ ಔಷಧಗಳು ನರಕ್ಕೆ ತಾಗಿ, ಥೇಟ್ ದವಡೆಹಲ್ಲಿನ ನೋವನ್ನೇ ತರುತ್ತವೆ, ಹೆಚ್ಚಾಗಿ ಎರಡೂ ಕಡೆ. ಹಲ್ಲಿಗೆ ತಂಪು ತಾಗಿಸಿ ನೋಡುವ ಪರೀಕ್ಷೆಯಲ್ಲೂ ಎಕ್ಸ್‌ರೇಯಲ್ಲೂ ತೊಂದರೆ ಕಾಣದಿದ್ದರೆ ಆ ಹಲ್ಲನ್ನು ಕೊರೆಸಬೇಡಿ.

ದವಡೆಗೆ ರೇಡಿಯೇಶನ್ ಆಗಿದ್ದವರಿಗೆ, ಜೊಲೆಡ್ರಾನಿಕ್ ಆ್ಯಸಿಡ್ ಅಥವಾ ಡೆನೊಸುಮ್ಯಾಬ್ (ಮೂಳೆ ಸವೆಯದಂತೆ ತಡೆಯುವ ಔಷಧಗಳು) ಪಡೆಯುವವರಿಗೆ ಹಲ್ಲು ಕೀಳಿಸುವುದೇ ದೊಡ್ಡ ಅಪಾಯ: ಗಾಯ ಮಾಯದೆ ಮೂಳೆ ಬಯಲಾಗಿ ಸಾಯಬಹುದು. ರೇಡಿಯೇಶನ್ ಮುಗಿದು ಎಷ್ಟು ವರ್ಷವಾದರೂ ಈ ಎಚ್ಚರ ತಪ್ಪಬಾರದು. ಹಾಗಾಗಿ ಮೇಲ್ಭಾಗ ಪೂರ್ತಿ ಹಾಳಾದ ಹಲ್ಲಿಗೂ ಕೀಳುವ ಬದಲು ರೂಟ್ ಕೆನಾಲ್ ಮಾಡಿ, ಒಸಡಿನ ಮಟ್ಟಕ್ಕೆ ಕತ್ತರಿಸಿ, ಬೇರನ್ನು ಅಲ್ಲೇ ಮುಚ್ಚಿಡುವ ದಾರಿಯಿದೆ. ಹಲ್ಲಿಗೆ ಎಂಜಲು ತಾಗದಂತೆ ಸುತ್ತ ಹರಡುವ ರಬ್ಬರ್ ಹಾಳೆ, ರಬ್ಬರ್ ಡ್ಯಾಮ್, ಬಿಡುವಂತಿಲ್ಲ, ಆದರೆ ಅದರ ಕ್ಲ್ಯಾಂಪ್ ಒಸಡು ಕಚ್ಚಬಾರದು. ಬೇರಿನ ಒಳನಾಳ ಉಜ್ಜುವ ಸೂಜಿಯಂಥ ಫೈಲ್ ಬೇರಿನ ತುದಿ ದಾಟಬಾರದು. ಬಾಯಿ ಪೂರ್ತಿ ತೆರೆಯಲಾಗದವರು ಅದನ್ನು ಮೊದಲೇ ತಿಳಿಸಿ, ಕಡಿಮೆ ಹೊತ್ತಿನ ಎರಡು ಸಿಟ್ಟಿಂಗ್ ಕೇಳಿ.

ಮನೆಗೆ ಬಂದ ಮೇಲೆ ಆಸ್ಪಿರಿನ್, ಐಬುಪ್ರೊಫೆನ್ ತಾವಾಗಿಯೇ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಜ್ವರವನ್ನು ಮರೆಮಾಚುತ್ತದೆ. ನುಂಗುವ ಮುನ್ನ ಥರ್ಮಾಮೀಟರ್ ಇಡಿ. ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ಕಂಡರೆ, ಇಲ್ಲವೇ 38 ಡಿಗ್ರಿ ಒಂದು ಗಂಟೆ ಇಳಿಯದಿದ್ದರೆ, ರಾತ್ರಿಯಾದರೂ ಸರಿ, ಕ್ಯಾನ್ಸರ್ ಆಸ್ಪತ್ರೆಗೆ ಹೊರಡಿ. ಬಾಯಿಹುಣ್ಣಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರರ್ಧ ಉಪ್ಪು ಹಾಕಿ ದಿನಕ್ಕೆ ಹಲವು ಸಲ ಮುಕ್ಕಳಿಸಿ, ಕೊನೆಗೆ ಬರೀ ನೀರು. ತಾತ್ಕಾಲಿಕ ಫಿಲ್ಲಿಂಗ್ ಬಿದ್ದರೆ ಆ ದಿನವೇ ಹೇಳಿ. ಸೋರಿದ ಎಂಜಲು ಒಳಗಿಳಿದರೆ ಮಾಡಿದ್ದೆಲ್ಲ ವ್ಯರ್ಥ, ಮತ್ತೊಮ್ಮೆ ಕಣಗಳು ಏರುವವರೆಗೆ ಕಾಯಬೇಕಾದೀತು.